ಕಿರಣ ಮುಟ್ಟಿದ ತಾಮ್ರ

ಪಂಚನಹಳ್ಳಿಯ ಕಾಂತರಾಜು ಕಡೂರಿನ ವ್ಯಾಪಾರಿಗಳಿಗೆ ಕೊಬ್ಬರಿ ನೋಡಿಕೊಡುವವರು. ಪ್ರತಿ ಚೀಲದಿಂದಲೂ ಒಂದಿಷ್ಟು ಕೊಬ್ಬರಿ ಗಿಟುಕು ತೆಗೆದು, ಗೋಣಿತಟ್ಟಿನ ಮೇಲೆ ಸುರಿದು, ಎಲ್ಲವನ್ನೂ ಬೆರೆಸಿ, ಆಮೇಲೆಯೇ ಸರಕು ಹೇಗಿದೆ ಎಂದು ಹೇಳುತ್ತಾರೆ. ಮಗಳು ಪ್ರಜ್ಞಾ ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂತು ಇದನ್ನು ನೋಡಿಯೇ ಬೆಳೆದಳು.

ಈಗ ಅವಳ ಪಿಎಚ್.ಡಿ. ಕೊನೆಯ ಹಂತದಲ್ಲಿದೆ. ತರೀಕೆರೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ವರ್ಷವೂ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರೆ. ಅದರ ತಾಮ್ರ ಮಣ್ಣಿಗೆ ಬಿದ್ದ ಮೇಲೆ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದು ಅವಳ ಪ್ರಶ್ನೆ. ಮಣ್ಣನ್ನು ಗುಳಿಗೆಯಾಗಿ ಒತ್ತಿ ಪ್ರಬಲ ಎಕ್ಸ್-ರೇ ಕಿರಣಕ್ಕೆ ಹಿಡಿದರೆ ಅದು ತಿಳಿಯುತ್ತದೆ. ಅಂಥ ಯಂತ್ರ ಇರುವುದು ಹೊರರಾಜ್ಯದಲ್ಲಿ. ಅಲ್ಲಿ ಒಂದು ಸರದಿ ಸಿಗಲು ತುಂಬ ಕಾಯಬೇಕು. ಕೊನೆಗೆ ಅವಳಿಗೂ ಸಿಕ್ಕಿತು.

ಒಂದು ಸ್ಕ್ಯಾನ್‌ನಲ್ಲಿ ನಕ್ಷೆಯ ಗೆರೆ ಬರೀ ಗೀಚಿದಂತೆ ಬಂತು. ಹಾಗಾಗಿ ಅದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಅಪ್ಪ ಗಿಟುಕು ಬೆರೆಸುವಂತೆ ಎಲ್ಲವನ್ನೂ ಕೂಡಿಸಿದಳು. ಗೆರೆ ನುಣುಪಾಯಿತು. ತಾಮ್ರದಲ್ಲಿ ಅರ್ಧ ಪಾಲು, ಒಂದೊಂದು ಎಲೆಕ್ಟ್ರಾನ್ ಪಡೆದು, ಕ್ಯೂಪ್ರಸ್ ಎಂಬ ಇನ್ನೊಂದು ರೂಪಕ್ಕೆ ತಿರುಗಿತ್ತು. ಮಣ್ಣಿನ ಸೂಕ್ಷ್ಮಜೀವಿಗಳೇ ಹೀಗೆ ಮಾಡುತ್ತವೆಂದು ಒಂದು ಅಧ್ಯಾಯವನ್ನೇ ಬರೆದಳು. ಥೀಸಿಸ್ ನಿಂತದ್ದೇ ಅದರ ಮೇಲೆ.

ಸಲ್ಲಿಸುವ ಮುಂಚೆ ಊರಿಗೆ ಬಂದಿದ್ದಾಗ ಗೈಡ್ ಸುದರ್ಶನ ಅವರ ಫೋನು ಬಂತು: ಸ್ಕ್ಯಾನ್‌ಗಳನ್ನು ಬಿಡಿಬಿಡಿಯಾಗಿಯೂ ಥೀಸಿಸ್ಸಿಗೆ ಹಾಕು. ಪ್ರಜ್ಞಾ ಲ್ಯಾಪ್‌ಟಾಪ್ ತೆರೆದಳು. ಮೊದಲ ಸ್ಕ್ಯಾನ್‌ನಲ್ಲಿ ಕ್ಯೂಪ್ರಸ್ ಇತ್ತೋ ಇಲ್ಲವೋ ಎಂಬಷ್ಟು. ಮುಂದಿನದರಲ್ಲಿ ಸ್ವಲ್ಪ ಹೆಚ್ಚು. ಕೊನೆಯದರಲ್ಲಿ ಅದೇ ಮುಕ್ಕಾಲು ಪಾಲು. ಜೀವಿಗಳು ಅಷ್ಟು ಬೇಗ ಏನನ್ನೂ ಮಾಡಲಾರವು. ಕಿರಣವೇ ಗುಳಿಗೆಯ ತೇವ, ಗೊಬ್ಬರದಂಶಗಳಿಂದ ಎಲೆಕ್ಟ್ರಾನ್ ಕಿತ್ತಿತ್ತು. ತಾಮ್ರ ಅದನ್ನು ಹಿಡಿದುಕೊಂಡಿತ್ತು.

ಅವಳು ವಾಪಸ್ ಫೋನು ಮಾಡಿದಳು.

"ಮೊದಲನೆಯದನ್ನಷ್ಟೇ ಇಟ್ಕೊಳ್ಳಮ್ಮ," ಎಂದರು ಸುದರ್ಶನ.

"ಅದರಲ್ಲಿ ಏನೂ ಸರಿಯಾಗಿ ಕಾಣ್ಸಲ್ಲ ಸರ್. ಅದು ಮುಗಿಯೋ ಹೊತ್ತಿಗೇ ಎಷ್ಟು ಬದಲಾಗಿತ್ತೋ ಗೊತ್ತಿಲ್ಲ."

"ಹಾಗಿದ್ರೆ ಅಧ್ಯಾಯ ತೆಗಿ. ಸಲ್ಲಿಸೋದು ಮುಂದಕ್ಕೆ ಹೋಗುತ್ತೆ."

ಕಾಂತರಾಜು ತಟ್ಟೆ ಹಿಡಿದು ಬಂದರು. "ಏನವ್ವಾ, ಮುದ್ದೆ ಆರೋಯ್ತು."

"ನಿನ್ ಗೋಣಿತಟ್ಟು ನಂಬಿ ಕೆಟ್ಟೆ ಕಣಪ್ಪಾ."

"ಅದೇನ್ ಮಾಡ್ತು ನಿಂಗೆ?"

"ನೀನು ಬೇರೆ ಬೇರೆ ಚೀಲದ್ದು ಬೆರೆಸ್ತೀಯ. ನಾನು ಒಂದೇ ಗಿಟುಕನ್ನ ಸುಡ್ತಾ ಸುಡ್ತಾ ನೋಡಿ, ಎಲ್ಲ ಸೇರಿಸಿ, ಸರಕು ಕರ್ರಗಿದೆ ಅಂದ್ಬಿಟ್ಟೆ."

"ಹಂಗಾರೆ ಆ ಪುಸ್ತಕದಾಗೆ ನನ್ ಹೆಸ್ರು ಹಾಕ್ಬೇಡ," ಎಂದು ಕಾಂತರಾಜು ತಟ್ಟೆ ಅವಳ ಮುಂದಿಟ್ಟರು.

ಅವಳು ನಗಲಿಲ್ಲ. ಚೀಲದಿಂದ ಗುಳಿಗೆಯ ಡಬ್ಬಿ ತೆಗೆದಳು. ಗುಳಿಗೆಯ ನಡುವೆ, ಕಿರಣ ಬಿದ್ದ ಜಾಗದಲ್ಲಿ, ಎಳ್ಳಿನಷ್ಟು ಕಂದು ಕಲೆ. ಯಂತ್ರದ ಬಳಿಯೇ ಅದನ್ನು ನೋಡಿದ್ದಳು, ಬೆರಳಿನ ಕೊಳೆ ಅಂದುಕೊಂಡಿದ್ದಳು. ಒಂದು ತುತ್ತು ಮುರಿದು ಬಾಯಿಗಿಟ್ಟು, ಎಡಗೈಯಲ್ಲೇ ಹೊಸ ಸರದಿಯ ಅರ್ಜಿ ತುಂಬತೊಡಗಿದಳು: ಮಾದರಿಯನ್ನು ತಣ್ಣಗಿಡಬೇಕು, ಜಾಗ ಹಲವು, ಒಂದು ಜಾಗಕ್ಕೆ ಒಂದೇ ಸ್ಕ್ಯಾನ್. ಸರದಿ ಯಾವಾಗ ಬರುತ್ತದೆಂದು ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.