‘ಆಗ್ಲಿ’ ಬೇಡ ಎಂದದ್ದು

ಕ್ಷೌರದಂಗಡಿಯವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ‘ಆಗ್ಲಿ’. ಅಣ್ಣ ಬೈಕು ಕೇಳಿದರೆ ಆಗ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ ಗಿರಾಕಿ ಬಂದು ಕೂತರೆ ಆಗ್ಲಿ, ಪಕ್ಕದವರು ತಮ್ಮ ಕಸದ ಬುಟ್ಟಿಯನ್ನು ಇವನ ಬಾಗಿಲಲ್ಲಿಟ್ಟರೂ ಆಗ್ಲಿ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಆಸಾಮಿ.

ಆದರೆ ಹಟಮಾರಿ ಮಕ್ಕಳನ್ನು ದೂರದ ಬೀದಿಗಳಿಂದಲೂ ಅವನ ಹತ್ತಿರವೇ ಕರೆತರುತ್ತಿದ್ದರು. ಅವನು ಬಾಚಣಿಗೆಯನ್ನು ಮಗುವಿನ ಕೈಗೆ ಕೊಟ್ಟು, ಕತ್ತರಿಯನ್ನು ತೋರಿಸಿ, “ಶುರು ಮಾಡ್ಲಾ?” ಎಂದು ಕೇಳುತ್ತಿದ್ದ. ಮಗು ಹೂಂ ಎಂದು ತಲೆಯಾಡಿಸುವ ತನಕ ಒಂದು ಕೂದಲನ್ನೂ ಮುಟ್ಟುತ್ತಿರಲಿಲ್ಲ. ಅಪ್ಪಂದಿರು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆಂದು ಮುಂದೆ ಬಂದರೆ ಅವನ ಮುಖವೇ ಕಪ್ಪಿಡುತ್ತಿತ್ತು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದ, ಮಣ್ಣು!

ವಿಷಯ ಇಷ್ಟೆ. ಅವರ ಮನೆಯಲ್ಲಿ ಗಂಡು ಹುಟ್ಟಿದರೆ ತಿಂಗಳೊಳಗೆ ಸುನ್ನತಿ ಮಾಡಿಸುವುದು ರೂಢಿ. ಅಣ್ಣನಿಗೂ ಆಗಿತ್ತು; ಅವನು ಅದಕ್ಕಾಗಿ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಇವನಿಗೆ ಮಾತ್ರ ಗಾಯ ಕೀವಾಗಿ, ಒರಟು ಕಲೆ ಉಳಿಯಿತು. ನೆನಪೇ ಇಲ್ಲದ ನೋವಿಗೆ ಯಾರಾದರೂ ಅಳುತ್ತಾರೆಯೇ ಎಂದು ತನ್ನನ್ನು ತಾನೇ ಗದರಿಕೊಳ್ಳುತ್ತಿದ್ದ. ಆದರೂ ಗೆಳೆಯರ ಜೊತೆ ಒಮ್ಮೆಯೂ ಈಜಲು ಇಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ದೀಪ ಆರಿಸದೆ ಅಂಗಿಯ ಗುಂಡಿ ಬಿಚ್ಚಲಿಲ್ಲ. ನನ್ನ ಮೈ, ನನ್ನನ್ನೇ ಕೇಳಲಿಲ್ಲವಲ್ಲ ಎಂಬ ಸಿಟ್ಟು ಒಳಗೊಳಗೇ ಕುದಿಯುತ್ತಿತ್ತು. ಸಿಟ್ಟು ಬಂತಲ್ಲ ಎಂದು ನಾಚಿಕೆ ಬೇರೆ.

ಅದರ ಮೇಲೆ ಅಮ್ಮನ ಕತೆ. ನೆಂಟರು ಸೇರಿದಾಗಲೆಲ್ಲ ಆಕೆ ಶುರು ಮಾಡುವಳು: ಅದಾದ ಮೇಲೆ ಇವನು ಮುನಿಸಿಕೊಂಡು ಎದೆಹಾಲೇ ಮುಟ್ಟಲಿಲ್ಲ, ನನ್ನ ಮುಖ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ ಭೂಪ! ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುವರು. ಇವನೂ ನಗುತ್ತಿದ್ದ.

ಈಗ ಇವನಿಗೇ ಗಂಡು ಮಗು ಹುಟ್ಟಿತು. ಅಮ್ಮ ಆಸ್ಪತ್ರೆಯಲ್ಲಿ ಸುನ್ನತಿಗೆ ದಿನ ಗೊತ್ತು ಮಾಡಿಕೊಂಡು ಬಂದು ಹೇಳಿದಳು. ಹಾಳು ನಾಲಿಗೆ, ರೂಢಿಯಂತೆ “ಆಗ್ಲಿ” ಎಂದುಬಿಟ್ಟಿತು! ಹೆಂಡತಿ ತೊಡೆಯ ಮೇಲಿದ್ದ ಮಗುವನ್ನು ತಟ್ಟುತ್ತಾ ಅವನನ್ನೇ ನೋಡಿದಳು. ಅವನ ಕತೆಯೆಲ್ಲ ಗೊತ್ತಿದ್ದವಳು ಅವಳೊಬ್ಬಳೇ.

“ನಾನು ಬೇಡ ಅಂದ್ರೆ ಸೊಸೆ ತಲೆ ಕೆಡಿಸಿದ್ಳು ಅಂತಾರೆ. ನೀವು ಹೇಳಿದ್ರೆ, ಅನುಭವಿಸಿದವನು ಹೇಳ್ತಿದಾನೆ ಅಂತಾರೆ” ಎಂದಳು.

ಗೊತ್ತು ಮಾಡಿದ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಸ್ಪಿರಿಟ್ಟಿನ ವಾಸನೆ. ಕಾರು ತಂದಿದ್ದ ಅಣ್ಣ ಕಿಟಕಿಯ ಹತ್ತಿರ ನಿಂತಿದ್ದ. ಟವಲಿನಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಅಮ್ಮ ನರ್ಸಿಗೆ ಅದೇ ಕತೆ ಹೇಳುತ್ತಿದ್ದಳು. ಗೋಡೆಯ ಕಡೆ ತಿರುಗುವಲ್ಲಿಗೆ ಬಂದಾಗ ನರ್ಸ್ ನಕ್ಕಳು, ಅಣ್ಣ ನಕ್ಕ. ‘ಆಗ್ಲಿ’ ನಗಲಿಲ್ಲ. ಎದ್ದು ಹೋಗಿ ಅಮ್ಮನ ತೋಳಿನಿಂದ ಮಗುವನ್ನು ತೆಗೆದುಕೊಂಡ.

“ಅಮ್ಮ, ಆ ಕತೆ ಇನ್ಮೇಲೆ ಹೇಳ್ಬೇಡ. ನನಗೆ ಯಾವತ್ತೂ ನಗು ಬಂದಿಲ್ಲ. ಇವತ್ತಿಗೂ ನನ್ನ ಮೈ ಕಂಡ್ರೆ ನನಗೇ ನಾಚಿಕೆ. ಇವನು ದೊಡ್ಡವನಾಗಿ ಬೇಕು ಅಂದ್ರೆ ಮಾಡಿಸ್ಕೊಳ್ಳಲಿ. ಈಗ ಬೇಡ.”

“ನನಗೇನೂ ಆಗ್ಲಿಲ್ವಲ್ಲೋ” ಎಂದ ಅಣ್ಣ.

“ನಿನಗಾಗ್ಲಿಲ್ಲ, ಒಳ್ಳೇದೇ. ನನಗಾಯ್ತು.”

ಡಾಕ್ಟರು ಬಂದು ಕೇಳಿಸಿಕೊಂಡರು. ಮಗುವಿಗೆ ಯಾವ ತೊಂದರೆಯೂ ಇಲ್ಲ, ಅವಸರವೂ ಇಲ್ಲ, ನಿಮ್ಮಿಷ್ಟ ಎಂದು ಮುಂದಿನವರನ್ನು ಕರೆದರು. ಬದುಕೆಲ್ಲ ಹೆದರಿದ ಮಾತು ಅಷ್ಟು ಸಲೀಸಾಗಿ ಮುಗಿದುಹೋಯಿತು!

ಕಾರು ಮನೆ ಹತ್ತಿರ ಬಂದಾಗ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: “ನೀನು ಮುಖ ತಿರುಗಿಸಿದಾಗ ನನಗೂ ಊಟ ಗಂಟಲಲ್ಲಿ ಇಳೀತಿರ್ಲಿಲ್ಲ ಕಣೋ. ನಗದೆ ಇನ್ನೇನು ಮಾಡ್ಲಿ? ನಗಾಡಿ ನಗಾಡಿ ಮರೆಸ್ಕೊಂಡೆ.”

ಅವನು ಮಗುವನ್ನು ಮೆಲ್ಲಗೆ ಆಕೆಯ ಮಡಿಲಿಗೆ ದಾಟಿಸಿದ. ಆಕೆ ಅತ್ತಳು, ಅವನೂ ಅತ್ತ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಆಮೇಲೆ ಬೀದಿಗೆ ಬೀದಿಯೇ ಬೆರಗಾಯಿತು. ಅಣ್ಣ ಬೈಕು ಕೇಳಿದರೆ ಬೇಡ. ಪಕ್ಕದವರ ಕಸದ ಬುಟ್ಟಿ ಪಕ್ಕದವರ ಬಾಗಿಲಿಗೇ ವಾಪಸ್ಸು. ಹೊಸದಾಗಿ ಸಿಕ್ಕ ಮಾತು, ಸ್ವಲ್ಪ ಹಿಡಿತದಲ್ಲಿ ಬಳಸಿ ಎಂದು ಹೆಂಡತಿಯೇ ಕಿಚಾಯಿಸಿದಳು. ಬೇಸಿಗೆಯಲ್ಲಿ ಅವನು ಗೆಳೆಯರ ಜೊತೆ ಈಜಲು ಹೋದ. ಈಜು ಬರಲಿಲ್ಲ, ನೀರು ಕುಡಿದ, ಆದರೂ ಮನೆಗೆ ಬಂದವನ ಮುಖ ನೋಡಬೇಕಿತ್ತು.

ಮಗು ಹೆಜ್ಜೆ ಹಾಕುವ ಹೊತ್ತಿಗೆ ಕೂದಲು ಕಣ್ಣಿಗೆ ಬೀಳತೊಡಗಿತು. ಅಮ್ಮ ಮೊಮ್ಮಗನನ್ನು ಅಂಗಡಿಗೆ ತಂದು ಮಡಿಲಲ್ಲಿ ಕೂರಿಸಿಕೊಂಡಳು. ‘ಆಗ್ಲಿ’ ಬಾಚಣಿಗೆ ಕೊಟ್ಟು, ಕತ್ತರಿ ತೋರಿಸಿ, ಶುರು ಮಾಡ್ಲಾ ಎಂದ. ಮಗು ಜೋರಾಗಿ ಅತ್ತಿತ್ತ ತಲೆಯಲ್ಲಾಡಿಸಿ ಅಜ್ಜಿಯ ಎದೆಗೆ ಮುಖ ಒತ್ತಿಕೊಂಡಿತು. ಗಡ್ಡ ಮಾಡಿಸಲು ಕೂತಿದ್ದ ಅಣ್ಣ, ನಾನು ಹಿಡ್ಕೋತೀನಿ ಎಂದು ಎದ್ದುಬಂದ.

ಅಮ್ಮ ಅವನ ಕೈಯನ್ನು ತಳ್ಳಿದಳು. “ದೂರ ಸರಿ. ಮಗು ಬೇಡ ಅಂತಿದೆ, ಕಾಣ್ಸಲ್ವಾ?”

‘ಆಗ್ಲಿ’ ಕತ್ತರಿಯನ್ನು ಮೊಳೆಗೆ ತೂಗುಹಾಕಿದ. ಮಗು ಅಜ್ಜಿಯ ಸೊಂಟವೇರಿ, ಕಣ್ಣು ಮುಚ್ಚುವಷ್ಟು ಕೂದಲು ಬಿಟ್ಟುಕೊಂಡೇ ರಾಜನ ಹಾಗೆ ಮನೆಗೆ ಹೋಯಿತು.