ಸಗಣಿ ಸಾರಿಸಿದ ಟೆನಿಸ್ ಅಂಗಳ

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಯಾರಾದರೂ ನಿವೃತ್ತರಾಗುತ್ತಾರಾ?

ಕಳೆದ ಭಾನುವಾರ ಹೂವಿನ ಹಿಪ್ಪರಗಿಯಲ್ಲಿ ಅಂಥವಳೊಬ್ಬಳ ಸತ್ಕಾರವಿತ್ತು. ನಮ್ಮ ಕಡೆ ನಿವೃತ್ತಿ ಅಂದರೆ ಮಾಸ್ತರರದ್ದು, ಊರಿನ ಲೆಕ್ಕ ಬರೆಯುವ ತಲಾಠಿಯದ್ದು. ಹಾಗಾಗಿ ಸಂಘಟಕರು ರೂಢಿಯಂತೆ ಬ್ಯಾನರ್ ಬರೆಸಿದ್ದರು: 'ವಿಶ್ರಾಂತ ಜೀವನ ಸುಖಕರವಾಗಿರಲಿ'. ಅದರ ಕೆಳಗೆ ನಿಂತಿದ್ದವಳು ರೇಣುಕಾ. ಹತ್ತು ವರ್ಷ ದೇಶ ದೇಶ ಸುತ್ತಿ ಟೆನಿಸ್ ಆಡಿದವಳು. (ಕಾಣಿಕೆಯಾಗಿ ಗೋಡೆ ಗಡಿಯಾರ ಮತ್ತು ಒಂದು ಆರಾಮ ಕುರ್ಚಿ!) ಜನ ನಕ್ಕರು. ನಾನೂ ನಕ್ಕೆ.

ಶಾಲು ಜಾರಿದಾಗ ಆಕೆ ಎಡಗೈಯಿಂದ ಸರಿಪಡಿಸಿಕೊಂಡಳು. ಬಲಗೈ ಹೆಗಲಿನ ಮಟ್ಟಕ್ಕೆ ಏಳುವುದಿಲ್ಲ. ಹೆಗಲು ಹೋಗಿದ್ದು ಊರಿಗೆಲ್ಲ ಗೊತ್ತು. ಯಾಕೆ ಹೋಯಿತು ಎಂಬುದು ಆ ಸಭೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಆಕೆಗೆ ಮತ್ತು ನನಗೆ.

ಆಕೆಯ ಅಪ್ಪ ಶಂಕ್ರಪ್ಪ, ಅದೇ ಊರಿನ ಸಾಲೆಯ ಆಟದ ಮಾಸ್ತರು. ಈ ಎರೆಭೂಮಿಯಲ್ಲಿ ಟೆನಿಸ್ ಅಂಗಳ ಮಾಡುವುದನ್ನು ಅವರಿಗೆ ಹೇಳಿಕೊಡುವವರು ಯಾರಿದ್ದರು? ಜೋಳದ ರಾಶಿಗೆ ಕಣ ಮಾಡುವುದು ಗೊತ್ತಿತ್ತು. ಹಾಗೇ ಮಾಡಿದರು. ನೀರು ಹೊಡೆದು, ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರಿಸಿ, ಮೇಲೆ ಸುಣ್ಣದ ಗೆರೆ ಎಳೆದರು. ರೇಣುಕಾ ಹನ್ನೊಂದರ ಹುಡುಗಿಯಾಗಿದ್ದಾಗ ನಾನು ಅದನ್ನು ನೋಡಿ ಬಂದು ಇದೇ ಅಂಕಣದಲ್ಲಿ ಹಾಡಿ ಹೊಗಳಿದೆ. ಈ ಮಣ್ಣೇ ಅವಳ ಗುರು ಎಂದೆಲ್ಲ ಬರೆದೆ. ಮಾಸ್ತರು ಅದನ್ನು ಕತ್ತರಿಸಿ ಫೈಲಿನಲ್ಲಿಟ್ಟರು. ಅಂದಿನಿಂದ ಪ್ರತಿ ವಾರದ್ದನ್ನೂ ಕತ್ತರಿಸಿಡುತ್ತಾರೆ.

ಭಾನುವಾರ ಬೆಳಿಗ್ಗೆ ಮನಗೂಳಿಯಿಂದ ರೇಣುಕಾಳ ಜೊತೆ ಕಾರಿನಲ್ಲಿ ಬರುವಾಗ ನಾನೇ ಮಾತು ತೆಗೆದೆ. ಆ ಅಂಗಳ ಇರದಿದ್ದರೆ ನೀನು ಎಲ್ಲಿರುತ್ತಿದ್ದೆ ಎಂದೆ. ಆಕೆ ಎಡಗೈಯಿಂದ ಬಲ ಹೆಗಲು ಮುಟ್ಟಿ ತೋರಿಸಿದಳು.

"ಆ ಕಣದಾಗ ಚೆಂಡು ಮೊಣಕಾಲಿನ ಮ್ಯಾಲೆ ಏಳ್ತಿದ್ದಿಲ್ರಿ ಸರ್. ಬಗ್ಗಿ ಹೊಡಿಯೂದಷ್ಟ ನನ್ನ ಕೈಗೆ ಗೊತ್ತಾತು. ಹೊರಗ ಸಿಮೆಂಟಿನ ಮ್ಯಾಲೆ ಚೆಂಡು ಹೆಗಲಿಗಿ ಬರ್ತಿತ್ತು. ತಪ್ಪ ಹೊಡದು ಹೊಡದು ಹೆಗಲ ಹರೀತು. ಎರಡ ಸಲ ಆಪರೇಶನ್ ಆದ್ರೂ ಕೂಡಲಿಲ್ಲ. ಅಪ್ಪಗ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೊಂತಾನ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸತ್ಕಾರ ಮುಗಿದ ಮೇಲೆ ಮಾಸ್ತರು ನಮ್ಮಿಬ್ಬರನ್ನೂ ಸಾಲೆಯ ಮೈದಾನಕ್ಕೆ ಕರೆದೊಯ್ದರು. ಹಳೆಯ ಅಂಗಳವನ್ನು ಅಗೆದು ಹದ ಮಾಡಿಟ್ಟಿದ್ದರು. ಪಕ್ಕದಲ್ಲಿ ಅದೇ ಕಲ್ಲಿನ ಗುಂಡು, ಬುಟ್ಟಿ ತುಂಬ ಸಗಣಿ. ಹತ್ತು ಹುಡುಗಿಯರು ಹೊಸ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮಾಸ್ತರು ನೀರಿನ ತಂಬಿಗೆಯನ್ನು ಮಗಳ ಮುಂದೆ ಹಿಡಿದರು.

"ಮೊದಲನೇ ನೀರು ನೀನ ಹಾಕವ್ವಾ. ಇವ್ರೂ ನಿನ್ನಂಗ ಆಗ್ಲಿ."

ರೇಣುಕಾ ನನ್ನನ್ನು ನೋಡಿದಳು. ನಾನು ಸಗಣಿಯ ಬುಟ್ಟಿ ನೋಡಿದೆ. ಆಕೆ ಎಡಗೈಯಿಂದ ತಂಬಿಗೆ ಇಸಿದುಕೊಂಡು ನೀರು ಸುರಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಮಾಸ್ತರು ನೀವೂ ಎರಡು ಮಾತು ಹೇಳಿ ಎಂದರು. ನಾನೇನು ಹೇಳಿದೆ ಗೊತ್ತಾ? ಆ ಮಣ್ಣನ್ನು ಮತ್ತೆ ಹೊಗಳಿದೆ. (ಹದಿನೆಂಟು ವರ್ಷದ ಚಟ.) ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ವಾರ ಬೇರೆ ಏನಾದರೂ ಬರೆಯೋಣವೆಂದು ಕೂತೆ. ಆ ಹೊಸ ಬೂಟುಗಳು ಬಿಡಲಿಲ್ಲ. ಮಾಸ್ತರ ಅಕ್ಕರೆ ಸುಳ್ಳಲ್ಲ, ಸುರಿಸಿದ ಬೆವರೂ ಸುಳ್ಳಲ್ಲ. ಚೆಂಡು ಮಾತ್ರ ಏಳುವುದಿಲ್ಲ. ಒಬ್ಬ ಅಪ್ಪನ ಮನಸ್ಸು ನೋಯಬಾರದೆಂದು ಹತ್ತು ಹುಡುಗಿಯರ ಹೆಗಲುಗಳನ್ನು ಬಲಿ ಕೊಡುವುದು ಯಾವ ನ್ಯಾಯ? ಮಾತು ತಪ್ಪಿದ್ದೇನೆ ರೇಣುಕಾ, ಬೈದುಕೋ.

ಮಾಸ್ತರೇ, ಈ ವಾರದ್ದನ್ನೂ ಕತ್ತರಿಸಿ ಇಟ್ಟುಕೊಳ್ಳುತ್ತೀರಾ?