ಒಂದನೇ ಮೊಳೆಯ ರೊಟ್ಟಿ

ಶಿಮ್ಕೆಂತ್ ನಗರದ ನಮ್ಮ ಮಹಿಳಾ ಫುಟ್‌ಬಾಲ್ ಕ್ಲಬ್ಬಿನಲ್ಲಿ ಜೆರ್ಸಿ ಒಗೆದು ಜೋಡಿಸುವ ಕೆಲಸ ಜೌರೆಯದು. ಹುಡುಗಿಯರಿಗೆಲ್ಲ ಆಕೆ ‘ಅಪಾ’, ಎಂದರೆ ಹಿರಿಯಮ್ಮ; ಬಸ್ಸು ಓಡಿಸುವ ನನಗೂ ಅಪಾ.

ಯುರೋಪಿನ ಕಪ್ ಪಂದ್ಯಗಳಿಗೆಂದು ತಂಡ ಹೊರಟಾಗಲೆಲ್ಲ ಆಕೆ ತಂದೂರಿನ ದುಂಡು ರೊಟ್ಟಿಗಳನ್ನು ತರುತ್ತಿದ್ದಳು. ದೂರ ಹೋಗುವವರು ಒಂದು ತುತ್ತು ಕಚ್ಚಿ ಉಳಿದದ್ದನ್ನು ಬಿಟ್ಟು ಹೋಗಬೇಕು, ಮರಳಿ ಬಂದು ತಾವೇ ತಿನ್ನಬೇಕು. ಆ ರೊಟ್ಟಿ ಅವರನ್ನು ಎಳೆದು ತರುತ್ತದೆಂದು ನಮ್ಮವರ ನಂಬಿಕೆ. ಕಚ್ಚಿಟ್ಟ ರೊಟ್ಟಿಗಳನ್ನು ತೂಗುಹಾಕಲು ಬಟ್ಟೆಕೋಣೆಯ ಗೋಡೆಯಲ್ಲಿ ಜೆರ್ಸಿ ಸಂಖ್ಯೆಗೆ ಒಂದರಂತೆ ಮೊಳೆಗಳಿದ್ದವು.

ಒಂದನೇ ಮೊಳೆಯ ರೊಟ್ಟಿ ಮಾತ್ರ ಮೂರು ವರ್ಷದಿಂದ ಕೆಳಗಿಳಿದಿರಲಿಲ್ಲ. ಅದು ಜೌರೆಯ ಮಗಳು, ಗೋಲ್‌ಕೀಪರ್ ಶೊಲ್ಪಾನ್ ಕಚ್ಚಿಟ್ಟದ್ದು. ಡೆನ್ಮಾರ್ಕಿನಲ್ಲಿ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಸಮುದ್ರ ನೋಡಿ ಬರುತ್ತೇನೆಂದು ಹೋದವಳು ಮತ್ತೆ ಸಿಗಲಿಲ್ಲ. ಅವಳ ಮುಂದಿನ ಹಲ್ಲೊಂದು ಚೆಂಡು ಬಡಿದು ಬಿದ್ದುಹೋಗಿತ್ತು. ರೊಟ್ಟಿಯ ಕಚ್ಚಿನ ನಡುವೆ ಆ ಹಲ್ಲಿನ ಜಾಗ ಹಾಗೇ ಎದ್ದು ನಿಂತಿತ್ತು. ರೊಟ್ಟಿ ಇರುವವರೆಗೆ ಮಗಳ ದಾರಿ ತೆರೆದಿರುತ್ತದೆಂದು ಜೌರೆ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಈ ಸಲ ಆಗಸ್ಟಿನ ಎರಡು ಪಂದ್ಯಗಳನ್ನೂ ಗೆದ್ದೆವು. ಸೆಪ್ಟೆಂಬರಿನಲ್ಲಿ ಕೋಚ್, ಅಷ್ಟು ದಿನ ಯಾರೂ ತೊಡದ ಒಂದನೇ ಜೆರ್ಸಿಯನ್ನು ಹನ್ನೆರಡನೇ ಜೆರ್ಸಿ ತೊಡುತ್ತಿದ್ದ ಗೋಲ್‌ಕೀಪರ್ ಕಮ್ಶಾತ್‌ಗೆ ಕೊಟ್ಟರು. ಜೌರೆ ಅದನ್ನು ಇಸ್ತ್ರಿ ಮಾಡಿಕೊಟ್ಟಳು. ಆದರೆ ತಂಡ ಹೊರಟಾಗ ಕಮ್ಶಾತ್ ಕಚ್ಚಿಟ್ಟ ರೊಟ್ಟಿಯನ್ನು ರೂಢಿಯಂತೆ ಹನ್ನೆರಡನೇ ಮೊಳೆಗೇ ನೇತುಹಾಕಿದಳು.

ಮೂರು ಗೋಲಿನಿಂದ ಸೋತು, ಕಪ್‌ನಿಂದ ಹೊರಬಿದ್ದು, ಒಂದು ಮಧ್ಯಾಹ್ನ ಮರಳಿದೆವು. ನಾನು ಚೀಲಗಳನ್ನು ಒಳಗೆ ತರುವಷ್ಟರಲ್ಲಿ ಕಮ್ಶಾತ್ ತನ್ನದೇ ಎಂದುಕೊಂಡು ತನ್ನ ಹೊಸ ಸಂಖ್ಯೆಯ ಮೊಳೆಯಿಂದ ರೊಟ್ಟಿ ತೆಗೆದು ತಿಂದು ಮುಗಿಸಿದ್ದಳು.

‘ಬೈಬೇಡಿ ಅಪಾ, ಮೂರು ಗೋಲು ತಿಂದು ಬಂದೋಳಿಗೆ ಹಸಿವು ಬೇರೆ ಕೇಡು ಅಂತ,’ ಎಂದು ನಕ್ಕಳು. ‘ವಾರ ಆದ್ರೂ ಎಷ್ಟು ಮೆತ್ತಗಿತ್ತು. ಇನ್ನೂ ಬಿಸಿ ಇತ್ತು.’

ಜೌರೆ ಬರಿದಾದ ಒಂದನೇ ಮೊಳೆಯತ್ತ ತಿರುಗಿದಳು. ಆ ರೊಟ್ಟಿ ಕಲ್ಲಾಗಿದ್ದುದನ್ನು ನಾನೂ ಕಂಡಿದ್ದೆ. ಅದು ಅವಳದಲ್ಲ, ಶೊಲ್ಪಾನ್‌ಳದೆಂದು ಹೇಳಿದಾಗ ಕಮ್ಶಾತ್ ಬಾಯಿ ಮುಚ್ಚಿಕೊಂಡು ಅತ್ತಳು.

ಜೌರೆ ಮೆಲ್ಲನೆ ಹನ್ನೆರಡನೇ ಮೊಳೆಯ ರೊಟ್ಟಿಯನ್ನು ಇಳಿಸಿದಳು. ಕಮ್ಶಾತ್‌ಳ ಹಲ್ಲುಸಾಲು ಪೂರ್ತಿ ಇದೆ. ಈ ರೊಟ್ಟಿಯ ಕಚ್ಚಿನ ನಡುವೆ ಮಾತ್ರ, ಶೊಲ್ಪಾನ್‌ಳ ಕಚ್ಚಿನಲ್ಲಿದ್ದಂತೆಯೇ, ಒಂದು ಹಲ್ಲಿನ ಜಾಗ ಬಿಟ್ಟಿತ್ತು. ಜೌರೆ ಅಲ್ಲಿ ಬೆರಳಿಟ್ಟು ಸವರಿದಳು.

‘ಅಳಬೇಡ ಕಣೆ,’ ಎಂದಳು. ‘ಬಂದಿದ್ಲು. ಮತ್ತೆ ಹೊರಟಿದ್ದಾಳೆ.’

ಆ ರೊಟ್ಟಿಯನ್ನು ಒಂದನೇ ಮೊಳೆಗೆ ತೂಗುಹಾಕಿ, ಒಗೆಯುವ ಬಟ್ಟೆ ಎಣಿಸತೊಡಗಿದಳು.